ನೀರು ಕಾದಿದ್ಯಾ?

ಬೆಳಗ್ಗೆ ಎದ್ದ ತಕ್ಷಣ ನಮ್ಮ ಮನೆಯಲ್ಲಿ ಕೇಳಿಬರುತ್ತಿದ್ದ ಮೊದಲ ಮಾತು ಇದೇ. ನೀರು ಕಾದಿದ್ಯಾ? ಕಾಫಿ ಆಯ್ತಾ ಅನ್ನೋದು ಆಮೇಲೆ.

ಮೈಸೂರಿನ ಒಂಟಿಕೊಪ್ಪಲಿನ ಆ ಮನೆಯ ಬಚ್ಚಲು ಹಿತ್ತಲಲ್ಲಿತ್ತು. ಅಡುಗೆಮನೆಯ ಹಿಂಬಾಗಿಲು ದಾಟಿ, ಚಪ್ಪಡಿ ಕಲ್ಲಿನ ಮೇಲೆ ಹತ್ತು ಹೆಜ್ಜೆ ನಡೆದರೆ ಒಲೆ. ಒಲೆಯ ಮೇಲೆ ಗಾರೆ ಮೆತ್ತಿ ಕೂರಿಸಿದ ತಾಮ್ರದ ಹಂಡೆ. ಅಪ್ಪ ಐದಕ್ಕೆ ಎದ್ದು ಉರಿ ಹಾಕುತ್ತಿದ್ದರು. ತೆಂಗಿನ ಗರಿ, ಮಟ್ಟೆ, ಚಿಪ್ಪು, ಮಳೆಗಾಲದಲ್ಲಿ ಮರದ ಹೊಟ್ಟು. ಯಾರು ಯಾವಾಗ ಸ್ನಾನಕ್ಕೆ ಹೋಗುತ್ತಾರೆ ಅನ್ನೋದು ಪೂರ್ತಿ ಅವರ ತಲೆಯಲ್ಲಿತ್ತು. ಅಜ್ಜಿಗೆ ಐದೂವರೆಗೆ. ನನಗೂ ತಂಗಿಗೂ ಏಳಕ್ಕೆ. ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡರೆ ಎರಡು ಮಟ್ಟೆ ಜಾಸ್ತಿ. "ಇನ್ನೈದು ನಿಮಿಷ ತಡಿ" ಅಂತಲೋ, "ಕಾದಿದೆ ಹೋಗು, ತಣ್ಣೀರು ಬೆರೆಸ್ಕೋ, ಸುಡತ್ತೆ" ಅಂತಲೋ ಉತ್ತರ ಬರುತ್ತಿತ್ತು. ಒಂದು ದಿನವೂ ಆ ಉತ್ತರ ತಪ್ಪಿದ್ದು ನನಗೆ ನೆನಪಿಲ್ಲ.

ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು. ಈ ವರ್ಷ ಆ ಮನೆಯನ್ನು ರಿಪೇರಿ ಮಾಡಿಸಿ ನಾನು, ಗಂಡ, ಮಗ ಮೂವರೂ ಅಲ್ಲಿಗೇ ಬಂದೆವು. ಅಮ್ಮನಿಗೆ ಎಪ್ಪತ್ತೊಂಬತ್ತು. ಒಬ್ಬಳೇ ಇರೋದು ಬೇಡ ಅಂತ ನಮಗೆ ಅನ್ನಿಸಿತ್ತು. ಮನೆ ಬಿಟ್ಟು ಬರಲ್ಲ ಅಂತ ಅವಳಿಗೆ. ಮರದ ತೊಲೆಯ ಮೇಲೆ ಇಟ್ಟಿಗೆ ಕೂರಿಸಿದ ಮದ್ರಾಸ್ ತಾರಸಿ ಸೋರುತ್ತಿತ್ತು, ವೈರಿಂಗ್ ಐವತ್ತು ವರ್ಷ ಹಳೆಯದು. ಕೆಂಪು ನೆಲವನ್ನು ಉಳಿಸಿಕೊಂಡೆವು. ಬಣ್ಣ, ಕಿಟಕಿ, ಅಡುಗೆಮನೆ ಕಟ್ಟೆ ಇವೆಲ್ಲ ಒಂದೆರಡು ದಿನದ ಮಾತಿನಲ್ಲಿ ಮುಗಿದವು. ಎರಡೂವರೆ ತಿಂಗಳು ಎಳೆದಾಡಿದ್ದು ಒಂದೇ ವಿಷಯ. ಸ್ನಾನದ ನೀರನ್ನು ಯಾವುದರಲ್ಲಿ ಕಾಯಿಸೋದು? ಅದನ್ನು ಹಾಕೋದು ಯಾರು, ಆರಿಸೋದು ಯಾರು?

ಮೈಸೂರಿನಲ್ಲಿ ಮನೆಯನ್ನು ಬೆಚ್ಚಗಿಡುವ ಕೆಲಸ ಇಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಹದಿನೈದು ಹದಿನಾರು ಡಿಗ್ರಿಗೆ ಇಳಿದರೆ ಒಂದು ಶಾಲು ಹೊದ್ದುಕೊಂಡರೆ ಸಾಕು. ನಮಗೆ ಕಾಯಿಸೋದು ಅಂದರೆ ಸ್ನಾನದ ನೀರೇ. ಅದಕ್ಕೇ ಇದು ಇಷ್ಟು ತಲೆ ತಿಂದಿತು.

ಮೊದಲು ಹಳೆಯ ವ್ಯವಸ್ಥೆ ಹೇಳಿಬಿಡುತ್ತೇನೆ. ಹಂಡೆ ಒಲೆ ನಿಂತ ಮೇಲೆ ಮುಂಭಾಗದ ಆರ್‌ಸಿಸಿ ತಾರಸಿಯ ಮೇಲೆ ನೀರು ಕಾಯಿಸುವ ಒಂದು ಸೋಲಾರ್ ಬಂತು. ಮೋಡದ ದಿನಕ್ಕೆ ಇರಲಿ ಅಂತ ಬಚ್ಚಲಿಗೆ ಒಂದು ಗ್ಯಾಸ್ ಗೀಸರ್ ಬಂತು. ಎರಡು ವರ್ಷದ ಹಿಂದೆ ಜನವರಿಯಲ್ಲಿ ಒಂದು ಬೆಳಗ್ಗೆ ಅಮ್ಮ ಚಳಿ ಅಂತ ಕಿಟಕಿ ಮುಚ್ಚಿಕೊಂಡು ಸ್ನಾನ ಮಾಡಿದ್ದಾಳೆ. ತಲೆ ಸುತ್ತಿ ಬಂದಿದೆ. ಹೇಗೋ ಚಿಲಕ ತೆಗೆದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದಾಳೆ. ಪಿತ್ತ ಇರಬೇಕು ಅಂದುಕೊಂಡು ನಮಗೆ ಹೇಳಿದ್ದು ನಾಲ್ಕು ದಿನದ ಮೇಲೆ. ನನಗೆ ಕೈಕಾಲು ತಣ್ಣಗಾಯಿತು. ಗಾಳಿಯಾಡದ ಜಾಗದಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿಯುತ್ತದೆ, ಉಸಿರಾಡುವವರಿಗೆ ಗೊತ್ತೇ ಆಗುವುದಿಲ್ಲ. ಬಚ್ಚಲ ಒಳಗೆ ಗ್ಯಾಸ್ ಗೀಸರ್ ಇಟ್ಟುಕೊಂಡಿರುವವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಇವತ್ತೇ ಅದನ್ನು ಹೊರಗಿನ ಗೋಡೆಗೆ ಹಾಕಿಸಿ, ಇಲ್ಲವೇ ತೆಗೆಸಿ. ನಾವು ಆ ವಾರವೇ ತೆಗೆಸಿದೆವು.

ಇನ್ನು ಉಳಿದದ್ದು ಸೋಲಾರ್. ಅದರ ಬಗ್ಗೆ ಅಮ್ಮನ ದೂರು ಒಂದೇ. "ಬಿಸಿನೀರು ಬರೋಷ್ಟರಲ್ಲಿ ಅರ್ಧ ಬಕೆಟ್ ತಣ್ಣೀರು ಹೋಗತ್ತೆ ಕಣೇ." ನಾನು ಇಷ್ಟು ವರ್ಷ ಇದನ್ನು ಗಮನಿಸಿರಲೇ ಇಲ್ಲ. ಪ್ಲಂಬರ್ ಟೇಪ್ ಹಿಡಿದು ಅಳೆದರು. ಟ್ಯಾಂಕ್ ಮನೆಯ ಮುಂದೆ, ಬಚ್ಚಲು ಮನೆಯ ಹಿಂದೆ. ಮಧ್ಯೆ ಇಪ್ಪತ್ತು ಮೀಟರ್ ಮುಕ್ಕಾಲು ಇಂಚಿನ ಪೈಪು. ಆ ಪೈಪಿನ ಒಂದು ಮೀಟರ್‌ನಲ್ಲಿ ಸುಮಾರು ಕಾಲು ಲೀಟರ್ ನೀರು ನಿಲ್ಲುತ್ತದೆ. ಇಪ್ಪತ್ತು ಮೀಟರಿಗೆ 5 ಲೀಟರ್. ರಾತ್ರಿಯೆಲ್ಲ ತಣ್ಣಗಾದ ಆ 5 ಲೀಟರ್ ಪೂರ್ತಿ ಹರಿದು ಹೋದ ಮೇಲೆಯೇ ಬಿಸಿ ಬರೋದು. ಪ್ರತಿಯೊಬ್ಬರ ಸ್ನಾನಕ್ಕೂ ಹೀಗೇ. ಬರೀ ನೀರು ಹೋದರೂ ಹೋಗಲಿ ಅನ್ನಬಹುದು. ನಲ್ಲಿ ನಿಲ್ಲಿಸಿದ ಮೇಲೆ ಪೈಪಿನಲ್ಲಿ ಉಳಿದ 5 ಲೀಟರ್ ಬಿಸಿನೀರೂ ಅಲ್ಲೇ ತಣ್ಣಗಾಗುತ್ತದೆ. ಬಿಸಿಲು ಕಷ್ಟಪಟ್ಟು ಕಾಯಿಸಿದ್ದು ಗೋಡೆಗೆ ಹೋಗುತ್ತಿತ್ತು.

ಇದೇ ಹೊತ್ತಿಗೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನನ್ನ ತಂಗಿಯೂ ಮನೆ ರಿಪೇರಿ ಮಾಡಿಸುತ್ತಿದ್ದಳು. ನೂರು ವರ್ಷ ದಾಟಿದ ಇಟ್ಟಿಗೆ ಮನೆ. ಭಾನುವಾರ ಸಂಜೆ ಫೋನಿನಲ್ಲಿ ಇಬ್ಬರದೂ ಒಂದೇ ಮಾತು, ಕಾಯಿಸೋದು. ಅಲ್ಲಿ ಗ್ಯಾಸ್ ಬಾಯ್ಲರ್ ನೀರು ಕಾಯಿಸಿ ಕೋಣೆ ಕೋಣೆಯನ್ನು ಬೆಚ್ಚಗಿಡುವ ರೇಡಿಯೇಟರ್‌ಗೆ ಕಳಿಸುತ್ತದೆ. ಗೋಡೆಯ ಮೇಲೆ ಒಂದು ಥರ್ಮೋಸ್ಟಾಟ್ ಕೂತು ಮನೆ ಎಷ್ಟು ಬೆಚ್ಚಗಿದೆ ಅಂತ ನೋಡಿ ಬಾಯ್ಲರ್‌ಗೆ ಹೇಳುತ್ತದೆ. ಅದನ್ನೇ ಈಗ ಫೋನಿನಿಂದ ನಡೆಸುವ ಹಾಗೆ ಮಾಡಿದ್ದಾರೆ. ಒಂದೊಂದು ರೇಡಿಯೇಟರ್‌ಗೂ ಒಂದೊಂದು ವಾಲ್ವ್, ಮಲಗುವ ಕೋಣೆಗೆ ಒಂದು ಲೆಕ್ಕ, ಹಾಲ್‌ಗೆ ಒಂದು ಲೆಕ್ಕ. ಅವಳು ಎಲ್ಲವನ್ನೂ ಕೊಳ್ಳಲು ಹೊರಟಿದ್ದಳು. ಆಮೇಲೆ ನಿಂತಳು.

"ಅಕ್ಕ, ಮೊದ್ಲು ಅಟ್ಟಕ್ಕೆ ದಪ್ಪ ಹೊದಿಕೆ ಹಾಕಿಸ್ದೆ. ಕಿಟಕಿ ಸಂದು ಮುಚ್ಚಿಸ್ದೆ. ಈಗ ಬಿಸಿ ಓಡಿಹೋಗೋದೇ ಕಮ್ಮಿ ಆಯ್ತು. ಅರ್ಧ ವಾಲ್ವ್ ಬೇಕಾಗೇ ಇಲ್ಲ" ಅಂದಳು.

ಇನ್ನೊಂದು ವಿಷಯವೂ ಅವಳಿಂದಲೇ ತಿಳಿಯಿತು. ಅಲ್ಲಿನ ಈಗಿನ ಬಾಯ್ಲರ್‌ಗಳು ಹೊಗೆಯಲ್ಲಿರುವ ಆವಿಯನ್ನು ನೀರಾಗಿಸಿ ಅದರ ಬಿಸಿಯನ್ನೂ ಹಿಡಿದುಕೊಳ್ಳುತ್ತವೆ. ಆದರೆ ರೇಡಿಯೇಟರ್ ಸುತ್ತಿ ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಅದು ಆಗೋದು. ಅಂದರೆ ಕುದಿಕುದಿ ನೀರು ಕಳಿಸೋದಕ್ಕಿಂತ ಸಾಧಾರಣ ಬಿಸಿನೀರನ್ನು ಜಾಸ್ತಿ ಹೊತ್ತು ಕಳಿಸಿದರೆ ಗ್ಯಾಸ್ ಉಳಿಯುತ್ತದೆ. ಬಾಯ್ಲರ್ ಮೇಲಿರುವ ಒಂದು ಗುಂಡಿ ತಿರುಗಿಸಿದರೆ ಆಗುವ ಕೆಲಸ ಅದು, ದುಡ್ಡು ಬೇಡ, ಆ್ಯಪ್ ಬೇಡ. ಈ ಮಾತು ಕೇಳಿದ ಮೇಲೆ ನಾನು ನಮ್ಮ ಪೈಪಿನ ಕಡೆ ಬೇರೆ ಕಣ್ಣಿನಿಂದ ನೋಡಿದೆ.

ಬಚ್ಚಲನ್ನು ಹಿತ್ತಲಿಂದ ಮನೆಯ ಒಳಗೆ ತಂದೆವು. ಅಮ್ಮನ ಕೋಣೆಗೆ ಅಂಟಿಕೊಂಡ ಹಾಗೆ ಒಂದು, ಅದರ ಬೆನ್ನಿಗೆ ಇನ್ನೊಂದು. ಸೋಲಾರ್ ಟ್ಯಾಂಕನ್ನು ಅದರ ಮೇಲಿನ ತಾರಸಿಗೇ ಸರಿಸಿದೆವು. ದಕ್ಷಿಣಕ್ಕೆ ಮುಖ, ಮೇಲೆ ಯಾವ ಮರದ ನೆರಳೂ ಇಲ್ಲ. ಈಗ ಪೈಪು ಬರೀ ಆರು ಮೀಟರ್. ಅದಕ್ಕೆ ಕಪ್ಪು ಫೋಮ್ ತೋಳು ಹಾಕಿಸಿದೆವು. ಬಿಸಿಲಿಗೆ ಬಿರಿಯದ ಹಾಗೆ ಹೊರಗಿನ ಭಾಗಕ್ಕೆ ಟೇಪ್ ಸುತ್ತಿಸಿದೆವು. ಈಗ ಒಂದೂವರೆ ಲೀಟರ್ ಹೋದರೆ ಬಿಸಿ ಬರುತ್ತದೆ. ಇಡೀ ಕೆಲಸದಲ್ಲಿ ಅಮ್ಮ ಬಾಯಿಬಿಟ್ಟು ಹೊಗಳಿದ್ದು ಇದನ್ನೊಂದೇ. ನನಗೂ ಇದೇ ಎಲ್ಲಕ್ಕಿಂತ ದೊಡ್ಡ ಗೆಲುವು ಅನ್ನಿಸುತ್ತದೆ. ಗೋಡೆ ಒಡೆದಿರುವಾಗಲೇ ಇದನ್ನು ಮಾಡಬೇಕು. ಟೈಲ್ಸ್ ಕೂತ ಮೇಲೆ ಯಾರೂ ಪೈಪಿನ ತಂಟೆಗೆ ಹೋಗಲ್ಲ.

ಸೋಲಾರ್‌ನಲ್ಲಿ ಬಿಸಿಲು ಹೀರುವ ಗಾಜಿನ ಟ್ಯೂಬಿನ ಬಗ್ಗೆ ಒಂದು ಮಾತು. ನಮ್ಮ ಮನೆಗೆ ಕಾವೇರಿ ನೀರು ಬರುತ್ತದೆ, ಸಂಪಿನಿಂದ ಮೇಲಕ್ಕೆ ಹೋಗುತ್ತದೆ. ಬೋರ್‌ವೆಲ್ ನೀರಾದರೆ ಗಡಸು. ಅದು ಕಾದಾಗ ಸುಣ್ಣ ಕಟ್ಟುತ್ತದೆ. ಟ್ಯೂಬಿನ ತಳದಲ್ಲಿ, ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಬೆಳೆದು, ಅದೇ ಬಿಸಿಗೆ ಅಡ್ಡ ನಿಲ್ಲುತ್ತದೆ. ಬೋರ್ ನೀರಿನ ಬಡಾವಣೆಯಲ್ಲಿ ಇರುವವರು ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿಸಲೇಬೇಕು.

ಇನ್ನು ಮೋಡದ ದಿನದ ಮಾತು. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಒಂದಷ್ಟು ದಿನ, ಅಕ್ಟೋಬರ್ ನವೆಂಬರ್‌ನ ಹಿಂಗಾರಿನಲ್ಲಿ ಒಂದಷ್ಟು ದಿನ ಸೋಲಾರ್ ಉಗುರು ಬೆಚ್ಚಗೆ ನಿಲ್ಲುತ್ತದೆ. ಸೋಲಾರ್ ಟ್ಯಾಂಕಿನ ಒಳಗೇ ಕರೆಂಟ್ ಕಾಯಿಲ್ ಹಾಕಿಸಿ, ಫೋನಿನಿಂದ ಆನ್ ಮಾಡಿ ಅಂತ ಅಂಗಡಿಯವರು ಹೇಳಿದರು. ಮಗ ಕೂತು ಲೆಕ್ಕ ಹಾಕಿದ. ಅವನು ಎರಡನೇ ಪಿಯು, ಭೌತಶಾಸ್ತ್ರದ ಪುಸ್ತಕ ಕೈಯಲ್ಲೇ ಇತ್ತು. 200 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ತರಲು 8 ಯೂನಿಟ್ ಬೇಕು. ಒಬ್ಬರ ಒಂದು ಬಕೆಟ್ ಸ್ನಾನಕ್ಕೆ ಇಡೀ ಟ್ಯಾಂಕ್ ಕಾಯಬೇಕು. ಅದೇ 15 ಲೀಟರಿನ ಗೀಸರ್ ಆದರೆ 22 ಡಿಗ್ರಿಯಿಂದ 60ಕ್ಕೆ ಮುಕ್ಕಾಲು ಯೂನಿಟ್ಟೂ ಬೇಡ. 2 ಕಿಲೋವ್ಯಾಟಿನ ಕಾಯಿಲ್ ಇದ್ದರೆ ಇಪ್ಪತ್ತು ನಿಮಿಷ.

ಅವನು ಇನ್ನೊಂದು ಸಾಲನ್ನೂ ಬರೆದಿದ್ದ. ಆ ಇಪ್ಪತ್ತು ನಿಮಿಷದ ಕರೆಂಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬ್ ಮೂರು ದಿನ ಹಗಲೂ ರಾತ್ರಿ ಉರಿಯುತ್ತದೆ. ನಾನು ತುಂಬಾ ಹೊತ್ತು ಆ ಸಾಲನ್ನೇ ನೋಡಿದೆ. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ನಮ್ಮ ಮೈಸೂರಿಗೆ ದೀಪ ಬಂತು. ಆದರೂ ನಮ್ಮ ಮನೆಯಲ್ಲಿ ನಾನು ಹೈಸ್ಕೂಲು ಮುಗಿಸುವವರೆಗೂ ನೀರು ಕಾಯಿಸಿದ್ದು ತೆಂಗಿನ ಮಟ್ಟೆಯೇ. ಬೆಳಕಿಗೆ ಬೇಕಾದ ಕರೆಂಟೇ ಬೇರೆ, ನೀರು ಕಾಯಿಸಲು ಬೇಕಾದ್ದೇ ಬೇರೆ. ಹಿಂದಿನವರು ಇದನ್ನು ಲೆಕ್ಕ ಹಾಕದೆಯೂ ತಿಳಿದಿದ್ದರು ಅನ್ನಿಸಿತು.

ಬಿಲ್ಲಿನ ಕಡೆಯಿಂದಲೂ ಇದು ಮುಖ್ಯ. 2023ರಲ್ಲಿ ಗೃಹಜ್ಯೋತಿ ಬಂದಾಗ ಇಲ್ಲಿನ ವಿದ್ಯುತ್ ಕಂಪನಿ ಚೆಸ್ಕಾಂ ನಮ್ಮ ಮನೆಯ 2022-23ರ ಸರಾಸರಿಯನ್ನು ಹಿಡಿದು ಅದರ ಮೇಲೆ ಶೇಕಡಾ 10 ಸೇರಿಸಿತು. ಆಗ ಅಮ್ಮ ಒಬ್ಬಳೇ. ಸರಾಸರಿ 60 ಯೂನಿಟ್, ಅಂದರೆ 66 ಉಚಿತ. ಈಗ ನಾಲ್ಕು ಜನ. 66ಕ್ಕಿಂತ ಮೇಲಿನದನ್ನು ನಾವು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲೇ ನಮ್ಮದು. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಕಾದರೆ ತಿಂಗಳಿಗೆ 60 ಯೂನಿಟ್. ಅಮ್ಮನ ಇಡೀ ಮನೆಯ ಹಳೆಯ ಬಳಕೆ ಎಷ್ಟಿತ್ತೋ ಅಷ್ಟು.

ಹಾಗಾಗಿ ಅಮ್ಮನ ಬಚ್ಚಲಿಗೆ 15 ಲೀಟರಿನ ಒಂದು ಗೀಸರ್ ಅಂತ ತೀರ್ಮಾನವಾಯಿತು. ಅದಕ್ಕೆ ಒಳಹೋಗುವ ನೀರು ಸೋಲಾರ್‌ನಿಂದಲೇ ಬರುತ್ತದೆ. ಬಿಸಿಲಿದ್ದರೆ ಗೀಸರ್ ಹಾಕಬೇಕಾಗಿಯೇ ಇಲ್ಲ. ಬೆಚ್ಚಗಿದ್ದರೆ ಉಳಿದಷ್ಟನ್ನು ಮಾತ್ರ ಗೀಸರ್ ಕಾಯಿಸುತ್ತದೆ. ಬಿಸಿನೀರು ಒಳಗೆ ಬಿಟ್ಟರೆ ಪರವಾಗಿಲ್ಲವಾ ಅಂತ ಗೀಸರ್ ತಯಾರಿಸುವವರನ್ನೇ ಕೇಳಿ ತಿಳಿದುಕೊಂಡೆವು. ನೀವೂ ಕೇಳಿಯೇ ಮಾಡಿಸಿ. ಜೊತೆಗೆ ಗೀಸರ್ ಬಿಟ್ಟು ಸೀದಾ ಬರುವ ಒಂದು ವಾಲ್ವನ್ನೂ ಇಡಿಸಿ.

ಸ್ಟಾರ್ ಬಗ್ಗೆ ಅಂಗಡಿಯಲ್ಲಿ ತುಂಬಾ ಮಾತಾಡುತ್ತಾರೆ. ಗೀಸರಿನ ಮೇಲೆ ಕೇಂದ್ರ ಸರ್ಕಾರದ ಇಂಧನ ಉಳಿತಾಯ ಸಂಸ್ಥೆ ಬಿಇಇಯ ಸ್ಟಾರ್ ಹೇಳೋದು ಕಾದ ನೀರು ಸುಮ್ನೆ ನಿಂತಾಗ 24 ಗಂಟೆಯಲ್ಲಿ ಎಷ್ಟು ಬಿಸಿ ಕಳೆದುಕೊಳ್ಳುತ್ತದೆ ಅನ್ನೋದನ್ನು. ದಿನವಿಡೀ ಆನ್ ಇಡುವ ಮನೆಗೆ ಅದು ಬಹಳ ಮುಖ್ಯ. ಇಪ್ಪತ್ತು ನಿಮಿಷ ಹಾಕಿ, ಆರಿಸಿ, ತಕ್ಷಣ ಸ್ನಾನ ಮಾಡುವ ಮನೆಗೆ ಅಷ್ಟಿಲ್ಲ. ನಾವು ಐದು ಸ್ಟಾರ್‌ನದನ್ನೇ ತಂದೆವು. ಆದರೆ ನಿಜವಾದ ಉಳಿತಾಯ ಇರೋದು ಯಾವಾಗ ಹಾಕುತ್ತೇವೆ, ಯಾವಾಗ ಆರಿಸುತ್ತೇವೆ ಅನ್ನೋದರಲ್ಲಿ. ಎರಡೂವರೆ ತಿಂಗಳಲ್ಲಿ ಅರ್ಧ ಹೋಗಿದ್ದು ಇಲ್ಲೇ.

ಮಗನಿಗೆ ಎಲ್ಲವೂ ಫೋನಿನಲ್ಲಿ ಬೇಕು. ನನ್ನ ಗಂಡನಿಗೆ ಮಾಮೂಲಿ ಸ್ವಿಚ್ ಸಾಕು. ಅಮ್ಮ ಏನೂ ಹೇಳಲಿಲ್ಲ. ನನಗೆ ಮಾತ್ರ ಅಪ್ಪನ ನೆನಪಾಗುತ್ತಿತ್ತು. ಅವರಿಗೆ ಗೊತ್ತಿದ್ದದ್ದನ್ನು ಈಗ ಯಾವ ಯಂತ್ರಕ್ಕೆ ಹೇಳಿಕೊಡಬೇಕು, ಹೇಗೆ ಹೇಳಿಕೊಡಬೇಕು ಅನ್ನೋ ಯೋಚನೆ. ಮೊದಲು ನಮಗೇ ಅದು ಗೊತ್ತಿರಬೇಕಲ್ವಾ? ಗೋಡೆಯ ಕ್ಯಾಲೆಂಡರ್ ಪಕ್ಕ ಒಂದು ಹಾಳೆ ಅಂಟಿಸಿದೆ. ಎರಡು ವಾರ ಯಾರು ಎಷ್ಟು ಗಂಟೆಗೆ ಸ್ನಾನಕ್ಕೆ ಹೋದರು, ನೀರು ಸಾಕಾಯಿತಾ ಅಂತ ಬರೆಯಬೇಕು. ಅಮ್ಮ ಐದೂಮುಕ್ಕಾಲಿಗೆ. ಶುಕ್ರವಾರ ತಲೆಸ್ನಾನ, ಅವತ್ತು ಐದೂವರೆಗೇ. ನಾನು ಆರೂವರೆಗೆ, ಮಗ ಏಳಕ್ಕೆ. ಗಂಡ ಕೆಲಸದಿಂದ ಬಂದು ರಾತ್ರಿ ಒಂಬತ್ತಕ್ಕೆ. ಮೂವರ ಸ್ನಾನ ಸುಮಾರು ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ ಅನ್ನೋದು ಆ ಹಾಳೆ ನೋಡುವವರೆಗೆ ನಮಗೆ ಗೊತ್ತಿರಲಿಲ್ಲ. ಯಾವುದನ್ನಾದರೂ ಕೊಳ್ಳುವ ಮೊದಲು ಈ ಹಾಳೆ ಅಂಟಿಸಿ ಅಂತ ಎಲ್ಲರಿಗೂ ಹೇಳುತ್ತೇನೆ.

ಆ ಎರಡು ವಾರದಲ್ಲಿ ಒಂದು ತಪ್ಪನ್ನೂ ಮಾಡಿದೆವು. ಪರೀಕ್ಷೆ ಮಾಡಿ ನೋಡೋಣ ಅಂತ ಆನ್‌ಲೈನಿನಲ್ಲಿ, ಫೋನಿನಿಂದ ಆನ್ ಆಫ್ ಮಾಡುವ ಒಂದು ಸ್ಮಾರ್ಟ್ ಪ್ಲಗ್ ತರಿಸಿದೆವು. ಅದರ ಮೇಲೆ 10 ಆಂಪ್ಸ್ ಅಂತ ಬರೆದಿತ್ತು. 2 ಕಿಲೋವ್ಯಾಟ್ ಗೀಸರ್ ಎಳೆಯೋದು 9 ಆಂಪ್ಸ್‌ಗೆ ಸ್ವಲ್ಪ ಕಮ್ಮಿ, ಸಾಕಲ್ಲ ಅಂದುಕೊಂಡೆವು. ಹತ್ತನೇ ದಿನ ಸುಟ್ಟ ವಾಸನೆ. ಎಲೆಕ್ಟ್ರಿಷಿಯನ್ ಬಂದು ಕಿತ್ತು ತೋರಿಸಿದರು. ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು.

"ಮೇಡಂ, ದಿನಾ ಇಪ್ಪತ್ತು ನಿಮಿಷ ಅಷ್ಟು ಲೋಡ್ ಹೋದ್ರೆ ಇದು ತಡೆಯಲ್ಲ. ಗೀಸರ್‌ಗೆ ಪ್ಲಗ್ಗೇ ಬೇಡ. ಬೋರ್ಡಿಂದ ಬೇರೆ ಲೈನ್ ಎಳೆದುಕೊಡ್ತೀನಿ" ಅಂದರು.

ಅವರು ಹೇಳಿದ ಹಾಗೇ ಮಾಡಿದೆವು. 4 ಚದರ ಮಿಲಿಮೀಟರ್ ತಾಮ್ರದ ವೈರ್, ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಒಂದು ಎಂಸಿಬಿ ಅದಕ್ಕೇ ಅಂತ, 30 ಮಿಲಿಆಂಪ್ಸ್ ಕರೆಂಟ್ ಸೋರಿದರೂ ಬೀಳುವ ಆರ್‌ಸಿಸಿಬಿ, ಹೊಸದಾಗಿ ಹೊಡೆಸಿದ ಅರ್ಥಿಂಗ್. ಹಳೆ ಮನೆಯ ಅರ್ಥಿಂಗ್ ಹೆಸರಿಗೆ ಮಾತ್ರ ಇತ್ತು. ಸ್ನಾನದ ನೀರಿನ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ದುಡ್ಡು ಹಾಕಬೇಕಾದ ಜಾಗ ಇದು. ಗೀಸರ್ ಎಷ್ಟು ಬುದ್ಧಿವಂತ ಅನ್ನೋದು ಆಮೇಲಿನ ಮಾತು.

ಶಿವರಾಂಪೇಟೆಯ ಅಂಗಡಿಗಳಲ್ಲಿ ವೈಫೈ ಇರುವ ಗೀಸರ್‌ಗಳನ್ನೂ ನೋಡಿದೆವು. ಚೆನ್ನಾಗಿದ್ದವು. ಆದರೆ ನನ್ನದು ಮೂರು ಪ್ರಶ್ನೆ ಇತ್ತು. ಇಂಟರ್ನೆಟ್ ಹೋದರೆ ಇದು ಟೈಮಿಗೆ ಆನ್ ಆಗುತ್ತಾ? ಕರೆಂಟ್ ಹೋಗಿ ಬಂದರೆ ಏನು ಮಾಡುತ್ತೆ? ಫೋನ್ ಇಲ್ಲದ ಅಮ್ಮ ಇದನ್ನು ಹೇಗೆ ಹಾಕಬೇಕು? ಮೂರನೆಯ ಪ್ರಶ್ನೆಗೆ ಅಂಗಡಿಯ ಹುಡುಗ, "ನೀವು ಫೋನಿಂದ ಹಾಕಿಕೊಡಿ ಮೇಡಂ, ಎಲ್ಲಿದ್ದರೂ ಆಗುತ್ತೆ" ಅಂದ. ಪಾಪ, ಅವನು ಒಳ್ಳೆ ಮನಸ್ಸಿನಿಂದಲೇ ಹೇಳಿದ. ಆದರೆ ಅಮ್ಮ ತನ್ನ ಮನೆಯಲ್ಲಿ ಸ್ನಾನ ಮಾಡಲು ನನ್ನನ್ನು ಕೇಳಬೇಕು ಅನ್ನೋದು ನನಗೆ ಒಪ್ಪಿಗೆಯಾಗಲಿಲ್ಲ. ನಾನು ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದಾಗ ಅವಳಿಗೆ ಕಾಲು ನೋವು ಬಂದು ಬಿಸಿನೀರು ಬೇಕಾದರೆ?

ತಂಗಿಯೂ ಒಂದು ಎಚ್ಚರಿಕೆ ಕೊಟ್ಟಳು. ನೆಸ್ಟ್ ಅನ್ನೋ ಥರ್ಮೋಸ್ಟಾಟ್ ಇದೆಯಲ್ಲ, ಅದರ 2011 ಮತ್ತು 2012ರ ಮಾದರಿಗಳಿಗೆ 2025ರ ಅಕ್ಟೋಬರ್‌ನಿಂದ ಆ್ಯಪ್ ಸಂಪರ್ಕ ನಿಂತಿತು. ಗೋಡೆಯ ಮೇಲೆ ಕೈಯಿಂದ ತಿರುಗಿಸಿದರೆ ಕೆಲಸ ಮಾಡುತ್ತದೆ, ಫೋನಿನಿಂದ ಆಗಲ್ಲ. ಹದಿಮೂರು ಹದಿನಾಲ್ಕು ವರ್ಷ ಕಮ್ಮಿಯೇನಲ್ಲ. ಆದರೆ ನಮ್ಮ ಹಂಡೆಗೆ ಎಪ್ಪತ್ತು ದಾಟಿದೆ. ಗೋಡೆ ಒಡೆದು ಒಳಗೆ ಕೂರಿಸುವ ವಸ್ತುವಿಗೆ ಕೈಯಿಂದ ನಡೆಯುವ ದಾರಿ ಒಂದು ಇರಲೇಬೇಕು ಅಂತ ಅವತ್ತು ಗಟ್ಟಿ ಮಾಡಿಕೊಂಡೆ.

ಕೊನೆಗೆ ಕೊಂಡದ್ದು ಇಷ್ಟು. ಗೀಸರ್ ಮಾಮೂಲಿನದು, ವೈಫೈ ಇಲ್ಲದ್ದು. ಅದರ ಲೈನಿನಲ್ಲಿ, ಬಚ್ಚಲ ಹೊರಗಿನ ಗೋಡೆಯ ಪೆಟ್ಟಿಗೆಯೊಳಗೆ, ಗೀಸರಿನ ಲೋಡ್ ತಡೆಯುವ ಒಂದು ಸ್ಮಾರ್ಟ್ ರಿಲೇ, ಅಂದರೆ ವೈಫೈ ಇರುವ ಸ್ವಿಚ್. ಅದರ ಮೇಲೆ ಕೈಗೆ ಸಿಗುವ ದೊಡ್ಡ ಗುಂಡಿ, ಪಕ್ಕದಲ್ಲಿ ಒಂದು ಕೆಂಪು ದೀಪ. ಗುಂಡಿ ಒತ್ತಿದರೆ ಆನ್. ಇಪ್ಪತ್ತೈದು ನಿಮಿಷಕ್ಕೆ ತಾನೇ ಆಫ್. ಬೇಕಾದರೆ ಮತ್ತೆ ಒತ್ತಬಹುದು. ಬೆಳಗ್ಗೆಯ ಟೈಮು ರಿಲೇಯ ಒಳಗೇ ಉಳಿಯುತ್ತದೆ. ಇಂಟರ್ನೆಟ್ ಇರಲಿ, ಬಿಡಲಿ, ಐದೂಕಾಲಿಗೆ ತಾನೇ ಹಾಕಿಕೊಳ್ಳುತ್ತದೆ. ಕರೆಂಟ್ ಹೋಗಿ ಬಂದರೆ ಆಫ್ ಆಗಿಯೇ ಇರಬೇಕು ಅಂತ ಮಗ ಅದಕ್ಕೆ ಹೇಳಿಟ್ಟ. ಇದನ್ನು ಮರೆಯಬೇಡಿ. ಎಲ್ಲರೂ ನಂಜನಗೂಡಿಗೆ ಹೋಗಿರುವಾಗ ಕರೆಂಟ್ ಬಂದು, ಖಾಲಿ ಮನೆಯಲ್ಲಿ ಗೀಸರ್ ಕಾಯುತ್ತಾ ಕೂರಬಾರದು.

ವೈಫೈ ವಿಷಯದಲ್ಲಿ ಹಳೆ ಮನೆಯವರು ಒಂದು ತಿಳಿದಿರಬೇಕು. ಇಂಥ ರಿಲೇಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಅನ್ನೋ ವೈಫೈ ಬ್ಯಾಂಡಿನಲ್ಲಿ ಮಾತ್ರ ಕೆಲಸ ಮಾಡುತ್ತವೆ. ನಮ್ಮ ಗೋಡೆ ಒಂದೂವರೆ ಅಡಿ ದಪ್ಪ. ರಿಲೇಯನ್ನು ಕಬ್ಬಿಣದ ಪೆಟ್ಟಿಗೆಯೊಳಗೆ ಇಟ್ಟಾಗ ಸಿಗ್ನಲ್ ಸಿಗಲೇ ಇಲ್ಲ. ಪ್ಲಾಸ್ಟಿಕ್ ಪೆಟ್ಟಿಗೆಗೆ ಬದಲಾಯಿಸಿದ ಮೇಲೆ ಸಿಕ್ಕಿತು.

ಇನ್ನೊಂದು ಚಿಕ್ಕ ವಸ್ತು ತಂದೆವು. ಸೋಲಾರ್ ಟ್ಯಾಂಕಿನೊಳಗೆ ಒಂದು ಸೆನ್ಸರ್, ಅದರ ವೈರ್ ಕೆಳಗಿಳಿದು ನಡುಮನೆಯ ಗೋಡೆಗೆ. ಅಲ್ಲಿ ಕೆಂಪು ಅಂಕಿಯಲ್ಲಿ ನೀರು ಎಷ್ಟು ಡಿಗ್ರಿ ಇದೆ ಅಂತ ಕಾಣುತ್ತದೆ. ಬೇರೇನೂ ಮಾಡಲ್ಲ ಅದು. ಆದರೆ ನೀರು ಕಾದಿದ್ಯಾ ಅನ್ನೋ ಪ್ರಶ್ನೆಗೆ ಅಪ್ಪ ಹೋದ ಮೇಲೆ ಮನೆಯಲ್ಲಿ ಮತ್ತೆ ಉತ್ತರ ಸಿಕ್ಕಿದ್ದು ಅದರಿಂದ.

ಗೀಸರಿನ ಥರ್ಮೋಸ್ಟಾಟನ್ನು 45ಕ್ಕೆ ಇಳಿಸು, ಕರೆಂಟ್ ಉಳಿಯುತ್ತೆ ಅಂತ ಅಮ್ಮ ಹೇಳಿದಳು. ಅದು ನನಗೂ ಸರಿ ಅನ್ನಿಸಿತ್ತು. ಆಮೇಲೆ ಓದಿ ತಿಳಿದೆ. 20ರಿಂದ 45 ಡಿಗ್ರಿ ನಡುವೆ ನಿಂತ ನೀರಿನಲ್ಲಿ ಲೀಜನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆಯಬಹುದು. ಶವರ್‌ನ ಹನಿಯ ಜೊತೆ ಶ್ವಾಸಕೋಶಕ್ಕೆ ಹೋದರೆ ವಯಸ್ಸಾದವರಿಗೆ ಅಪಾಯ. 60 ಡಿಗ್ರಿಯಲ್ಲಿ ಅದು ಸಾಯುತ್ತದೆ. ಆದರೆ 60 ಡಿಗ್ರಿ ನೀರು ಐದಾರು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಹಾಗಾಗಿ ಗೀಸರ್ 60ಕ್ಕೆ ಇರಲಿ, ನಲ್ಲಿಗೆ ಬರುವ ಮುಂಚೆ ತಣ್ಣೀರು ಬೆರೆಸುವ ವಾಲ್ವ್ ಒಂದು ಇರಲಿ ಅಂತ ಮಾಡಿದೆವು. ಆ ವಾಲ್ವಿಗೆ ಎರಡೂ ಕಡೆಯ ಒತ್ತಡ ಹೆಚ್ಚುಕಮ್ಮಿ ಒಂದೇ ಇರಬೇಕು. ತಣ್ಣೀರಿಗೆ ಮಾತ್ರ ಪ್ರೆಷರ್ ಪಂಪ್ ಹಾಕಿದರೆ ಅದು ಬಿಸಿನೀರಿನ ಪೈಪಿಗೇ ನುಗ್ಗಿಬಿಡುತ್ತದೆ. ನಾವು ಪಂಪ್ ಹಾಕಿಸಲಿಲ್ಲ. ಎರಡೂ ತಾರಸಿಯ ಮೇಲಿಂದ ತಾವಾಗಿ ಇಳಿಯುತ್ತವೆ.

ಅಮ್ಮ ಮಾತ್ರ ಇವತ್ತಿಗೂ ಶವರ್ ಮುಟ್ಟಲ್ಲ. ಬಕೆಟ್ ತುಂಬಿಸಿ, ಬೆರಳು ಅದ್ದಿ, ಒಂದು ಚೊಂಬು ತಣ್ಣೀರು ಹಾಕಿ, ಮತ್ತೆ ಅದ್ದಿ ಹದ ನೋಡುತ್ತಾಳೆ. ಒಂದು ದಿನ ನಾನು ಥರ್ಮಾಮೀಟರ್ ಹಿಡಿದು ಅವಳ ಬಕೆಟ್ ಅಳೆದೆ. 41. ಮರುದಿನ 41. ಅದರ ಮರುದಿನ 40. ಅವಳ ಬೆರಳಿಗೆ ಒಂದು ಡಿಗ್ರಿಯ ವ್ಯತ್ಯಾಸ ಗೊತ್ತಾಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಅವಳಿಗೆ ಹೇಳಿದೆ. "ಅದ್ರಲ್ಲೇನಿದೆ, ನಿಮ್ಮಿಬ್ರಿಗೂ ಎರೆದಿದ್ದು ಇದೇ ಕೈ ಅಲ್ವೇನೇ" ಅಂದಳು.

ಹಂಡೆಯನ್ನು ಮಾರಲಿಲ್ಲ. ತಾಮ್ರದ ರೇಟು ಚೆನ್ನಾಗಿದೆ ಅಂತ ಇಬ್ಬರು ಕೇಳಿದರು. ಹುಣಸೇಹಣ್ಣು ಹಾಕಿ ತಿಕ್ಕಿಸಿ ಹೊಸ ಬಚ್ಚಲಿನ ಮೂಲೆಯಲ್ಲಿ ಇಟ್ಟೆವು. ದೀಪಾವಳಿಗೆ ನೀರು ತುಂಬುವ ಹಬ್ಬದ ದಿನ ಅಮ್ಮ ಅದಕ್ಕೆ ಸುಣ್ಣ, ಕೆಮ್ಮಣ್ಣು ಬಳಿದು, ಕೊರಳಿಗೆ ಹಾಗಲಬಳ್ಳಿ ಕಟ್ಟಿದಳು. ಉಳಿದ ಬಳ್ಳಿಯ ತುದಿಯನ್ನು ಮಗನ ಕೈಯಲ್ಲಿ ಕೊಟ್ಟು, "ಅದಕ್ಕೂ ಕಟ್ಟೋ" ಅಂತ ಗೀಸರ್ ಕಡೆ ತೋರಿಸಿದಳು. ಅವನು ಸ್ಟೂಲ್ ಹತ್ತಿ ಪೈಪಿಗೆ ಸುತ್ತಿದ. ಅಮ್ಮ ಕೆಳಗಿನಿಂದಲೇ ಕೈಯೆತ್ತಿ ಕುಂಕುಮ ಇಟ್ಟಳು.

ಅವತ್ತು ಮೂರು ದಿನದಿಂದ ಮೋಡ, ಸಂಜೆ ಮಳೆ. ಮಾರನೆಯ ದಿನ ಎಣ್ಣೆಸ್ನಾನಕ್ಕೆ ನಾಲ್ಕೂವರೆಗೆ ಏಳಬೇಕು. ಟೈಮ್ ಬದಲಾಯಿಸಿ ಇಡು ಅಂತ ಮಗನಿಗೆ ಹೇಳಿ ಮಲಗಿದೆ. ನಾಲ್ಕು ಗಂಟೆಗೆ ಎಚ್ಚರವಾಯಿತು. ನಡುಮನೆಯಲ್ಲಿ ದೀಪ ಹಾಕದೆ ಅಮ್ಮ ನಿಂತಿದ್ದಳು, ಕೆಂಪು ಅಂಕಿಯ ಮುಂದೆ, ಕನ್ನಡಕ ಹಣೆಯ ಮೇಲೆ ಸರಿಸಿಕೊಂಡು.

"ನೀರು ಕಾದಿದ್ಯಾಮ್ಮ?" ಅಂದೆ.

"ಮೂವತ್ತೆಂಟು ಇದೆ. ಎಣ್ಣೆ ಇಳಿಯಲ್ಲ ಇದಕ್ಕೆ" ಅಂದಳು. ಬಚ್ಚಲ ಗೋಡೆಯ ಹತ್ತಿರ ಹೋಗಿ ಗುಂಡಿ ಒತ್ತಿದಳು. ಕೆಂಪು ದೀಪ ಹತ್ತಿತು. "ಹತ್ತು ಹನ್ನೆರಡು ನಿಮಿಷ ಸಾಕು. ಅವನನ್ನ ಎಬ್ಬಿಸು, ಅಷ್ಟರಲ್ಲಿ ತಲೆಗೆ ಎಣ್ಣೆ ಒತ್ತಿಬಿಡ್ತೀನಿ."